ಸಮೃದ್ಧಿಯ ಪ್ರತಿಮೆ

ಸಮೃದ್ಧಿಯ ಪ್ರತಿಮೆ ಬೆಂಗಳೂರು ನಗರದ ಸ್ಥಾಪಕ, ಯಲಹಂಕದ ನಾಡಪ್ರಭು ಹಿರಿಯ ಕೆಂಪೇಗೌಡರ (1510–1569) ಕಂಚಿನ ವಿಗ್ರಹ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನಲ್ಲಿರುವ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಆವರಣದಲ್ಲಿ ಇದು ನಿಂತಿದೆ. ಎತ್ತರ 108 ಅಡಿ, ಅಂದರೆ ಸುಮಾರು 33 ಮೀಟರ್. ಶಿಲ್ಪಿ ರಾಮ್ ವಿ. ಸುತಾರ್. ಪ್ರಧಾನಿ ನರೇಂದ್ರ ಮೋದಿ 2022ರ ನವೆಂಬರ್ 11ರಂದು ಇದನ್ನು ಅನಾವರಣ ಮಾಡಿದರು. ನಗರವೊಂದರ ಸ್ಥಾಪಕರ ಕಂಚಿನ ಪ್ರತಿಮೆಗಳಲ್ಲಿ ಇದೇ ಅತಿ ಎತ್ತರದ್ದು ಎಂದು ವರ್ಲ್ಡ್ ಬುಕ್ ಆಫ್ ರೆಕಾರ್ಡ್ಸ್ ದಾಖಲಿಸಿದೆ. ‘ಪ್ರಗತಿಯ ಪ್ರತಿಮೆ’ ಎಂಬ ಹೆಸರೂ ಬಳಕೆಯಲ್ಲಿದೆ.

ನೆಲ ಮತ್ತು ವಂಶ

ವಿಮಾನ ನಿಲ್ದಾಣವಿರುವುದು ಯಲಹಂಕಕ್ಕೂ ದೇವನಹಳ್ಳಿಗೂ ನಡುವೆ. ಈ ಎರಡು ಊರುಗಳೂ ಒಂದೇ ಮನೆತನದ ಕವಲುಗಳು ಆಳಿದ ನೆಲೆಗಳು. ಮನೆತನದ ಮೂಲ ದೇವನಹಳ್ಳಿ ತಾಲ್ಲೂಕಿನದೇ ಆದ ಆವತಿ. ಕಂಚಿಯ ಕಡೆಯಿಂದ ರಣಭೈರೇಗೌಡ ಎಂಬ ಮೊರಸು ಒಕ್ಕಲಿಗ ಮುಖಂಡ ತನ್ನವರೊಡನೆ ಗಾಡಿ ಕಟ್ಟಿಕೊಂಡು ಬಂದು, ನಂದಿಬೆಟ್ಟದ ಆಸುಪಾಸಿನ ಗುಡ್ಡದ ತಪ್ಪಲಲ್ಲಿ ಬೀಡುಬಿಟ್ಟು ಆವತಿಯನ್ನು ಕಟ್ಟಿದನೆಂಬ ಐತಿಹ್ಯವಿದೆ. ಆವತಿ ನಾಡಪ್ರಭುಗಳೆಂದು ಹೆಸರಾದ ಈ ವಂಶದ ಒಂದು ಕವಲು ಯಲಹಂಕದಲ್ಲಿ, ಒಂದು ದೇವನಹಳ್ಳಿಯಲ್ಲಿ, ಮತ್ತೊಂದು ಚಿಕ್ಕಬಳ್ಳಾಪುರದಲ್ಲಿ ನೆಲೆಯೂರಿತು.

ಈ ಮನೆತನದ ಮಲ್ಲಬೈರೇಗೌಡ 1501ರಲ್ಲಿ, ಆಗ ದೇವನದೊಡ್ಡಿ ಎನಿಸಿದ್ದ ಊರಿನಲ್ಲಿ ಮಣ್ಣಿನ ಕೋಟೆ ಕಟ್ಟಿದ. ಅದೇ ಇಂದಿನ ದೇವನಹಳ್ಳಿ. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ಕೋಟೆ ಕಲ್ಲಿನದಾಯಿತು. ಟಿಪ್ಪು ಹುಟ್ಟಿದ ಊರೆಂದೂ ಚಕ್ಕೋತದ ಊರೆಂದೂ ದೇವನಹಳ್ಳಿ ಹೆಚ್ಚು ಪರಿಚಿತ. ಕೆಂಪೇಗೌಡರಿಗೂ ಈ ಸೀಮೆಗೂ ಇರುವ ನಂಟು ಅದಕ್ಕಿಂತ ಹಳೆಯದು. ಪ್ರತಿಮೆಯನ್ನು ನೋಡುವವರು ಮೊದಲು ತಿಳಿಯಬೇಕಾದ ಸಂಗತಿಯೇ ಇದು.

ಕೆಂಪೇಗೌಡರು

ವಿಜಯನಗರದ ಸಾಮಂತರಾಗಿದ್ದ ಕೆಂಪೇಗೌಡರು ಅಚ್ಯುತರಾಯನ ಕಾಲದಲ್ಲಿ, 1537ರಲ್ಲಿ, ಬೆಂಗಳೂರಿನ ಕೋಟೆ ಮತ್ತು ಪೇಟೆಗೆ ಬುನಾದಿ ಹಾಕಿದರು. ಈಗಿನ ದೊಡ್ಡಪೇಟೆ, ಚಿಕ್ಕಪೇಟೆಗಳು ಕೂಡುವ ಜಾಗದಿಂದ ನಾಲ್ಕು ದಿಕ್ಕಿಗೂ ಎತ್ತು ಕಟ್ಟಿ ನೇಗಿಲು ಹೊಡೆಸಿ, ಆ ಸಾಲುಗಳನ್ನೇ ಬೀದಿಗಳಾಗಿ ಗುರುತಿಸಿದರೆಂದು ಜನ ಹೇಳುತ್ತಾರೆ. ಕಸುಬಿಗೊಂದು ಪೇಟೆ ಎದ್ದಿತು: ಅಕ್ಕಿಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಹೊಳೆಯಿಲ್ಲದ ಊರಿಗೆ ನೀರು ಒದಗಿಸಲು ಕೆರೆಗಳಾದವು. ಧರ್ಮಾಂಬುಧಿ ಕೆರೆಯ ಅಂಗಳ ಇಂದು ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆಯದು ಕಂಠೀರವ ಕ್ರೀಡಾಂಗಣ. ಕೆಂಪಾಂಬುಧಿ ಕೆರೆಯಲ್ಲಿ ಈಗಲೂ ನೀರಿದೆ. ಬಸವನಗುಡಿಯ ದೊಡ್ಡ ಬಸವನ ಗುಡಿ, ಗವಿಗಂಗಾಧರೇಶ್ವರ ದೇವಾಲಯಗಳೊಂದಿಗೂ ಅವರ ಹೆಸರು ಬೆಸೆದುಕೊಂಡಿದೆ.

ಸ್ವಂತ ನಾಣ್ಯ ಟಂಕಿಸಿದ ಕಾರಣಕ್ಕೆ ಅವರು ವಿಜಯನಗರದ ಆಡಳಿತದ ಕೋಪಕ್ಕೆ ಗುರಿಯಾಗಿ ಆನೆಗೊಂದಿಯಲ್ಲಿ ಸೆರೆವಾಸ ಅನುಭವಿಸಿದರೆಂಬುದು ಪ್ರಸಿದ್ಧ. ಮೊರಸು ಒಕ್ಕಲಿಗರಲ್ಲಿ ಬಂಡಿ ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳ ಎಡಗೈಯ ಕೊನೆಯ ಎರಡು ಬೆರಳು ಕತ್ತರಿಸುವ ಪದ್ಧತಿಯಿತ್ತು. ಅದನ್ನು ನಿಲ್ಲಿಸಲು ಹೊರಟವರು ಕೆಂಪೇಗೌಡರೆಂದು ಪರಂಪರೆ ನೆನೆಯುತ್ತದೆ. ಕೋಟೆ, ಕೆರೆಗಳ ಜೊತೆಗೆ ಈ ನೆನಪನ್ನೂ ಸಮನಾಗಿ ಕಾಪಾಡಿಕೊಳ್ಳಬೇಕು.

ನಿರ್ಮಾಣ

ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ 2008ರ ಮೇ 24ರಂದು ಹಾರಾಟ ಶುರುವಾಯಿತು. 2013ರಲ್ಲಿ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿಡಲಾಯಿತು. ಪ್ರತಿಮೆಗೆ 2020ರ ಜೂನ್ 27ರಂದು, ಕೆಂಪೇಗೌಡ ಜಯಂತಿಯ ದಿನ, ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಶಂಕುಸ್ಥಾಪನೆ ಮಾಡಿದರು. 23 ಎಕರೆಯ ಪಾರಂಪರಿಕ ಉದ್ಯಾನವೂ ಸೇರಿ ಯೋಜನೆಯ ವೆಚ್ಚ ಸುಮಾರು 84 ಕೋಟಿ ರೂಪಾಯಿ.

ಶಿಲ್ಪಿ ಸುತಾರ್ 1925ರಲ್ಲಿ ಮಹಾರಾಷ್ಟ್ರದ ಧುಳೆ ಜಿಲ್ಲೆಯ ಗೋಂದೂರಿನಲ್ಲಿ ಹುಟ್ಟಿದವರು. ಗುಜರಾತಿನ 182 ಮೀಟರ್ ಎತ್ತರದ ಸರ್ದಾರ್ ಪಟೇಲರ ‘ಏಕತಾ ಪ್ರತಿಮೆ’ಯೂ ಅವರದೇ ಕೃತಿ. ಇಷ್ಟು ದೊಡ್ಡ ವಿಗ್ರಹವನ್ನು ಒಂದೇ ಎರಕದಲ್ಲಿ ಹೊಯ್ಯಲಾಗದು. ಮೊದಲು ಚಿಕ್ಕ ಮಾದರಿ ತಯಾರಾಗುತ್ತದೆ. ಅದನ್ನು ಅಳತೆಗೆ ತಕ್ಕಂತೆ ಹಿಗ್ಗಿಸಿ, ಭಾಗಭಾಗವಾಗಿ ಎರಕ ಹೊಯ್ದು, ಉಕ್ಕಿನ ಚೌಕಟ್ಟಿನ ಮೇಲೆ ಜೋಡಿಸುತ್ತಾರೆ. ಇಲ್ಲಿ ಬಳಕೆಯಾದದ್ದು 98 ಟನ್ ಕಂಚು, 120 ಟನ್ ಉಕ್ಕು. ಹೊರಗೆ ಕಾಣುವ ಕಂಚಿಗಿಂತ ಒಳಗೆ ಅಡಗಿ ಭಾರ ಹೊರುವ ಉಕ್ಕಿನ ತೂಕವೇ ಹೆಚ್ಚು.

ಖಡ್ಗವೊಂದರದೇ ತೂಕ 4 ಟನ್, ಉದ್ದ ಸುಮಾರು 35 ಅಡಿ. 2022ರ ಮೇ ತಿಂಗಳಲ್ಲಿ ಅದು ದೆಹಲಿಯಿಂದ ಲಾರಿಯ ಮೇಲೆ ದೇವನಹಳ್ಳಿಗೆ ಬಂದಾಗ ಪೂಜೆ ಸಲ್ಲಿಸಿ ಬರಮಾಡಿಕೊಳ್ಳಲಾಯಿತು. ಆಯುಧಪೂಜೆಯ ದಿನ ಮಚ್ಚು, ಕುಡುಗೋಲು, ನೇಗಿಲಿಗೆ ಅರಿಶಿನ ಕುಂಕುಮ ಹಚ್ಚುವ ಸೀಮೆಗೆ ಈ ಸ್ವಾಗತ ಸಹಜವಾಗಿಯೇ ಒಗ್ಗಿತು.

ಅನಾವರಣ

ಅನಾವರಣದ ದಿನವೇ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಕೂಡ ಉದ್ಘಾಟನೆಯಾಯಿತು. ಅಂದು ಕನಕ ಜಯಂತಿ. ಕನಕದಾಸರು ಮತ್ತು ಕೆಂಪೇಗೌಡರು ಒಂದೇ ಶತಮಾನದ, ವಿಜಯನಗರದ ನೆರಳಲ್ಲೇ ಬಾಳಿದ ಸಮಕಾಲೀನರು. ಇಬ್ಬರನ್ನೂ ನಾಡು ಒಂದೇ ದಿನ ನೆನೆಯಿತು.

ಹಿಂದಿನ ವಿಗ್ರಹಗಳು

ಕೆಂಪೇಗೌಡರ ಹಳೆಯ ಲೋಹದ ಮೂರ್ತಿ ಇರುವುದೂ ಇದೇ ಜಿಲ್ಲೆಯಲ್ಲಿ. ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಗಂಗಾಧರೇಶ್ವರ ದೇವಾಲಯದಲ್ಲಿ, ಅವರು ತೀರಿಕೊಂಡ ನಾಲ್ಕು ದಶಕಗಳ ಬಳಿಕ, 1609ರಲ್ಲಿ ಅದನ್ನು ಇರಿಸಲಾಯಿತು. ಅಲ್ಲಿ ಅವರು ದೇವರೆದುರು ಕೈಮುಗಿದು ನಿಂತ ಭಕ್ತ. ಬೆಂಗಳೂರಿನ ನಗರಪಾಲಿಕೆ ಕಚೇರಿಯ ಮುಂದೆ 1964ರಲ್ಲಿ ಇನ್ನೊಂದು ಪ್ರತಿಮೆ ಸ್ಥಾಪನೆಯಾಯಿತು. ಗುಡಿಯಲ್ಲಿ ಭಕ್ತ, ಪಾಲಿಕೆಯ ಮುಂದೆ ಊರ ಹಿರಿಯ, ವಿಮಾನ ನಿಲ್ದಾಣದಲ್ಲಿ ಖಡ್ಗಧಾರಿ: ಒಬ್ಬರನ್ನೇ ನಾಡು ಬೇರೆ ಬೇರೆ ಕಾಲದಲ್ಲಿ ಹೇಗೆ ಕಂಡಿತೆಂಬುದು ಈ ಮೂರನ್ನೂ ನೋಡಿದವರಿಗೆ ಮನದಟ್ಟಾಗುತ್ತದೆ.

ಹೊರನಾಡಿನ ಒಂದು ಹೋಲಿಕೆ

ಪೆರು ದೇಶದ ಕರಾವಳಿ ನಗರ ಲಿಮಾ ಬೆಂಗಳೂರಿಗಿಂತ ಎರಡೇ ವರ್ಷ ಹಿರಿಯದು. 1535ರಲ್ಲಿ ಅದನ್ನು ಸ್ಥಾಪಿಸಿದವನು ಸ್ಪೇನಿನಿಂದ ಬಂದ ಫ್ರಾನ್ಸಿಸ್ಕೊ ಪಿಜಾರೊ. ನಗರದ ನಾಲ್ಕುನೂರನೇ ವರ್ಷಾಚರಣೆಗೆ, 1935ರಲ್ಲಿ, ಅಲ್ಲಿ ಅವನ ಕುದುರೆ ಸವಾರಿಯ ಕಂಚಿನ ಪ್ರತಿಮೆ ನಿಂತಿತು. ಇಂಕಾ ಸಾಮ್ರಾಜ್ಯವನ್ನು ಗೆದ್ದು ನೆಲದ ಮಕ್ಕಳನ್ನು ತುಳಿದವನಿಗೆ ಈ ಗೌರವ ಸಲ್ಲದೆಂಬ ವಿರೋಧ ಬಲವಾಗಿ, 2003ರಲ್ಲಿ ಅದನ್ನು ಮುಖ್ಯ ಚೌಕದ ಪಕ್ಕದಿಂದ ತೆಗೆಯಲಾಯಿತು. ಊರು ಕಟ್ಟಿದವನಿಗೂ ಆ ನೆಲದ ಜನಕ್ಕೂ ಎಂಥ ಸಂಬಂಧವಿತ್ತು ಎಂಬುದನ್ನು ಮುಂದಿನ ಪೀಳಿಗೆಗಳು ಕೇಳದೆ ಬಿಡುವುದಿಲ್ಲ. ಕೆಂಪೇಗೌಡರ ವಿಷಯದಲ್ಲಿ ಆ ಪ್ರಶ್ನೆಗೆ ಆವತಿ, ಯಲಹಂಕ, ದೇವನಹಳ್ಳಿಗಳೇ ಉತ್ತರ ಹೇಳುತ್ತವೆ.

ಮಹತ್ವ

ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಕೆಂಪೇಗೌಡರ ಸಮಾಧಿ ಗುರುತಾದದ್ದು 2015ರಲ್ಲಿ. ಕರ್ನಾಟಕ ಸರ್ಕಾರ ಜೂನ್ 27ರಂದು ಅವರ ಜಯಂತಿ ಆಚರಿಸತೊಡಗಿದ್ದು 2017ರಿಂದ. ಆವತಿಯ ತಪ್ಪಲು, ಶಿವಗಂಗೆಯ ಗುಡಿ, ಪೇಟೆಯ ಬೀದಿಗಳು, ಕೆಂಪಾಂಬುಧಿಯ ಏರಿ, ಕೆಂಪಾಪುರದ ಸಮಾಧಿ ಇವನ್ನೆಲ್ಲ ಸುತ್ತಿ ಬಂದವರಿಗೆ ಪ್ರತಿಮೆಯ ಪೂರ್ಣ ಅರ್ಥ ತೆರೆದುಕೊಳ್ಳುತ್ತದೆ.

ಅನಾವರಣಕ್ಕೆ ಮುನ್ನ ರಾಜ್ಯದ 22,000ಕ್ಕೂ ಹೆಚ್ಚು ಕಡೆಗಳಿಂದ ಪವಿತ್ರ ಮೃತ್ತಿಕೆ ಸಂಗ್ರಹಿಸಲಾಗಿತ್ತು. ಊರೂರಿನ ಆ ಮಣ್ಣನ್ನು ಪ್ರತಿಮೆಯ ಬಳಿಯ ನಾಲ್ಕು ಗೋಪುರಗಳಲ್ಲಿ ಒಂದರ ಬುಡದ ಮಣ್ಣಿಗೆ ಬೆರೆಸಲಾಯಿತು. ಅದು ಸೇರಿದ್ದು, ಕೆಂಪೇಗೌಡರ ಹಿರೀಕರು ಗಾಡಿಯ ನೊಗ ಇಳಿಸಿ ಮೊದಲು ಒಲೆ ಹೂಡಿದ ಸೀಮೆಯ ಮಣ್ಣಿಗೇ.