ಆದವಾನಿ ಸೀಮೆಯಲ್ಲಿ ಕಠಿಣಪದಗಳ ಕಲಿಕೆ: ಪ್ರವಚನ ಮತ್ತು ನಿಘಂಟು

ಕನ್ನಡದ ಹಳೆಯ ನಿಘಂಟುಗಳು ಹುಟ್ಟಿದ್ದು ಬಾಯಿಪಾಠಕ್ಕಾಗಿ. ರನ್ನಕಂದವಾಗಲಿ, 1398ರ ಮಂಗರಾಜನ ನಿಘಂಟಾಗಲಿ, 16ನೆಯ ಶತಮಾನದ ಲಿಂಗಮಂತ್ರಿಯ ‘ಕಬ್ಬಿಗರ ಕೈಪಿಡಿ’ಯಾಗಲಿ ಪದ್ಯದಲ್ಲೇ ಇವೆ. ಪದವನ್ನು ನೆನಪಿನಲ್ಲಿಟ್ಟು, ಅರ್ಥವನ್ನು ಗುರುವಿನಿಂದ ಕೇಳಿ ತಿಳಿಯುವ ಈ ಪದ್ಧತಿ ಆದವಾನಿ, ಆಲೂರು, ಮಂತ್ರಾಲಯದ ಸುತ್ತಿನ ಊರುಗಳಲ್ಲಿ ದಾಸಸಾಹಿತ್ಯದ ಮೂಲಕ ಗಟ್ಟಿಯಾಗಿ ಉಳಿಯಿತು ಎಂಬುದು ನನ್ನ ನಿಲುವು.

ವಿಜಯದಾಸರು 1755ರಲ್ಲಿ ದೇಹ ಬಿಟ್ಟದ್ದು ಇದೇ ಸೀಮೆಯ ಚಿಪ್ಪಗಿರಿಯಲ್ಲಿ. ಅವರ ಶಿಷ್ಯರು ಗೋಪಾಲದಾಸರು. ಆ ಪರಂಪರೆಯ ಮುಂದಿನ ಕೊಂಡಿ ತುಂಗಭದ್ರೆಯಾಚೆಯ ಮಾನ್ವಿಯ ಜಗನ್ನಾಥದಾಸರು (1728–1809). ಅವರ ‘ಹರಿಕಥಾಮೃತಸಾರ’ ಭಾಮಿನಿ ಷಟ್ಪದಿಯಲ್ಲಿದ್ದರೂ ಸುಲಭದ ಗ್ರಂಥವಲ್ಲ. ಪ್ರವಚನಕಾರರು ನುಡಿಯನ್ನು ರಾಗವಾಗಿ ಓದಿ, ಪದ ಬಿಡಿಸಿ, ಅನ್ವಯ ಮಾಡಿ, ಆಮೇಲೆ ಅರ್ಥ ಹೇಳುತ್ತಾರೆ.

ಪದ ಬಿಡಿಸುವ ಆ ಹಂತವೇ ಮುಖ್ಯ. ಭಾಮಿನಿಯಲ್ಲಿ ಮೂರು, ನಾಲ್ಕು ಮಾತ್ರೆಗಳ ಗಣಗಳು ಸರದಿಯಾಗಿ ಬರುತ್ತವೆ. ಹಾಡುವಾಗ ನಿಲುಗಡೆ ಗಣದ ಕೊನೆಗೆ ಬೀಳುತ್ತದೆ. ಪದ ಮುಗಿಯುವುದು ಎಷ್ಟೋ ಸಲ ಮುಂದಿನ ಗಣದ ನಡುವೆ. ಉದ್ದನೆಯ ಸಂಸ್ಕೃತ ಸಮಾಸ ಹೀಗೆ ತುಂಡಾದರೆ ಕೇಳುವವರ ಕಿವಿಗೆ ಇಲ್ಲದ ಪದವೊಂದು ಬೀಳುತ್ತದೆ. ಇದಕ್ಕೆ ಪ್ರತಿಯಾಗಿ ಆದಿಪ್ರಾಸದ ನೆರವೂ ಇದೆ. ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕಾದ್ದರಿಂದ, ಅಲ್ಲಿ ಅಕ್ಷರ ತಪ್ಪಿದ್ದರೆ ಓದುವಾಗಲೇ ಗೊತ್ತಾಗುತ್ತದೆ.

ಇನ್ನೊಂದು ತೊಡಕು ಗೊತ್ತಿರುವ ಪದಗಳದು. ಈ ಗ್ರಂಥದಲ್ಲಿ ಅಣುತಾರತಮ್ಯ ಸಂಧಿ, ದತ್ತಸ್ವಾತಂತ್ರ್ಯ ಸಂಧಿ ಎಂಬ ಭಾಗಗಳಿವೆ. ಇಂದಿನ ವಿದ್ಯಾರ್ಥಿಗೆ ‘ತಾರತಮ್ಯ’ ಎಂದರೆ ಭೇದಭಾವ. ಮಾಧ್ವ ಸಿದ್ಧಾಂತದಲ್ಲಿ ಅದು ದೇವತೆಗಳೂ ಜೀವರೂ ಇರುವ ಮೇಲು-ಕೆಳಗಿನ ಕ್ರಮ. ‘ದತ್ತಸ್ವಾತಂತ್ರ್ಯ’ವೂ ಜೀವನಿಗೆ ಹರಿ ಕೊಟ್ಟ ಸ್ವಾತಂತ್ರ್ಯ. ಅರ್ಥ ಗೊತ್ತಿದೆ ಎಂದು ದಾಟಿ ಹೋಗುವ ಇಂಥ ಪದಗಳೇ ನಿಜವಾದ ಕಠಿಣಪದಗಳು ಎಂದು ನಾನು ತಿಳಿದಿದ್ದೇನೆ.

ಜಗನ್ನಾಥದಾಸರು ತೀರಿಕೊಂಡ ಕೆಲವೇ ದಶಕಗಳಲ್ಲಿ ಇನ್ನೊಂದು ದಾರಿ ತೆರೆಯಿತು. ಬಳ್ಳಾರಿಯಲ್ಲಿ ಕೆಲಸ ಮಾಡಿದ ಲಂಡನ್ ಮಿಷನ್ನಿನ ವಿಲಿಯಂ ರೀವ್ ಸಿದ್ಧಪಡಿಸಿದ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಅಚ್ಚಾಯಿತು. ಆದವಾನಿ ಆಗ ಬಳ್ಳಾರಿ ಜಿಲ್ಲೆಯದೇ. 1858ರಲ್ಲಿ ಸ್ಯಾಂಡರ್ಸನ್ ಅದನ್ನು ಪರಿಷ್ಕರಿಸಿದರು. 1894ರಲ್ಲಿ ಕಿಟ್ಟೆಲ್ ನಿಘಂಟು ಬಂತು. ಅಕಾರಾದಿಯಲ್ಲಿ ಪದ ಹುಡುಕುವ ಅಭ್ಯಾಸ ಶಾಲೆಗೆ ಹೊಕ್ಕಿತು. ಮಠದ ಪ್ರವಚನವೂ ಶಾಲೆಯ ನಿಘಂಟೂ ಒಂದೇ ಊರಿನಲ್ಲಿದ್ದು ಒಂದನ್ನೊಂದು ಕೇಳಿಸಿಕೊಳ್ಳಲಿಲ್ಲ ಎಂಬುದೇ ನನಗೆ ನೋವಿನ ಸಂಗತಿ.

1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಕನ್ನಡ ಮಾಧ್ಯಮದ ಶಾಲೆಗಳು ಇಲ್ಲಿ ಇಂದಿಗೂ ಇವೆ. ಆದರೆ ಮನೆ, ಸಂತೆ, ಕಚೇರಿಗಳಲ್ಲಿ ತೆಲುಗು ಹೆಚ್ಚಿದ ಹಾಗೆ ಹಳೆಯ ಕಾವ್ಯದ ಪದ ಮಗುವಿನ ಕಿವಿಗೆ ಬೀಳುವ ಸಂದರ್ಭಗಳು ಕಡಿಮೆಯಾಗಿವೆ. ಜಿ. ವೆಂಕಟಸುಬ್ಬಯ್ಯನವರ ಕ್ಲಿಷ್ಟಪದಕೋಶ ಇಂಥ ಓದುಗರಿಗೆ ದೊಡ್ಡ ಆಸರೆ.

ಅದರ ಜೊತೆಗೆ ಈ ಸೀಮೆಯ ಪ್ರವಚನಕಾರರು ಹೇಳುವ ಅರ್ಥಗಳನ್ನು ಧ್ವನಿಮುದ್ರಿಸಿ, ಪದವಿಭಾಗ, ಶಾಸ್ತ್ರಾರ್ಥ, ಆಡುನುಡಿಯ ಅರ್ಥ, ತೆಲುಗಿನಲ್ಲಿ ಅದೇ ಪದಕ್ಕಿರುವ ಬಳಕೆ ಇವನ್ನೆಲ್ಲ ಒಟ್ಟಿಗೆ ಕೊಡುವ ಪದಕೋಶವೊಂದು ಆಗಬೇಕು. ಆ ಕೆಲಸವನ್ನು ಚಿಪ್ಪಗಿರಿಯಿಂದಲೇ ಆರಂಭಿಸಬಹುದು.