ಗಡಿನಾಡ ಸಂಸ್ಥಾನಗಳ ಸ್ವಯಮಾಡಳಿತ ಮತ್ತು ಜನಭಾಷೆ

ಆಳಂದ ತಾಲ್ಲೂಕಿನ ಸರಸಂಬಾ ಇಂದು ಕಲಬುರಗಿ ಜಿಲ್ಲೆಗೆ ಸೇರಿದ ಗ್ರಾಮ. 1948ಕ್ಕೆ ಮೊದಲು ಈ ಸೀಮೆಯ ಒಕ್ಕಲಿಗನೊಬ್ಬ ಪಶ್ಚಿಮಕ್ಕೆ ಗಾಡಿ ಕಟ್ಟಿದರೆ ಸೊಲ್ಲಾಪುರವನ್ನು ಮುಟ್ಟುವಷ್ಟರಲ್ಲಿ ಮೂರು ಸರಕಾರಗಳ ನೆಲವನ್ನು ತುಳಿಯುತ್ತಿದ್ದನು. ಹೊರಟ ಊರು ನಿಜಾಮನದು. ನಡುವೆ ಸಿಗುವ ಅಕ್ಕಲಕೋಟೆ ಭೋಸಲೆ ಮನೆತನದ ಸಂಸ್ಥಾನ. ಸೊಲ್ಲಾಪುರ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿದ್ದು. ದಾರಿಯುದ್ದಕ್ಕೂ ಅವನು ಮಾತನಾಡಲು ಕನ್ನಡವೇ ಸಾಕಾಗುತ್ತಿತ್ತು. ಆದರೆ ಜಮೀನಿನ ತಕರಾರಿಗಾಗಿ ಅರ್ಜಿ ಬರೆಯಿಸಬೇಕಾದರೆ ಮೊದಲನೆಯ ಕಡೆ ಉರ್ದು ಬಲ್ಲವನನ್ನು, ಎರಡನೆಯ ಕಡೆ ಮರಾಠಿ ಬಲ್ಲವನನ್ನು ಹುಡುಕಬೇಕಾಗಿತ್ತು. ಮೂರನೆಯ ಕಡೆ ಮೇಲಿನ ಅಧಿಕಾರಿಯ ಭಾಷೆ ಇಂಗ್ಲಿಷ್. ಕನ್ನಡ ಮಾತನಾಡುವ ಪ್ರದೇಶವೊಂದು ಸ್ವಂತ ಸರಕಾರವನ್ನು ಹೊಂದಿದ ಮಾತ್ರಕ್ಕೆ ಆ ಸರಕಾರ ಕನ್ನಡದ್ದಾಗುವುದಿಲ್ಲ ಎಂಬ ಸತ್ಯ ಈ ಗಡಿಯ ಇತಿಹಾಸದಲ್ಲಿ ಅಡಗಿದೆ.

ಈ ಸ್ಥಿತಿ ಮೊದಲಿನಿಂದಲೂ ಇದ್ದದ್ದಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಆಳಂದದ ಸುತ್ತಲಿನ ನಾಡು ಅಲಂದೆ ಸಾಸಿರವೆಂದು ಶಾಸನಗಳಲ್ಲಿ ಹೆಸರಾಗಿತ್ತು. ಆ ಕಾಲದ ಆಡಳಿತ ಮಹಾಮಂಡಲೇಶ್ವರ, ನಾಡಪ್ರಭು, ಊರಗಾವುಂಡ ಎಂಬ ಮೆಟ್ಟಿಲುಗಳಲ್ಲಿ ಹರಡಿಕೊಂಡಿತ್ತು. ಬಸದಿಗಾಗಲಿ ಶಿವಾಲಯಕ್ಕಾಗಲಿ ಬಿಟ್ಟ ದತ್ತಿಯ ಮತ್ತರುಗಳ ಲೆಕ್ಕ, ಎಲ್ಲೆಕಟ್ಟು, ಸುಂಕದ ವಿನಾಯಿತಿ ಇವೆಲ್ಲ ಕನ್ನಡದಲ್ಲಿ ಕಲ್ಲಿನ ಮೇಲೆ ದಾಖಲಾದವು. ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರ ಅವರು ಸಂಪಾದಿಸಿದ ಸೊಲ್ಲಾಪುರ ಜಿಲ್ಲೆಯ ಶಾಸನಗಳಲ್ಲಿ ಬಹುಪಾಲು ಕನ್ನಡದವು. ಸೊನ್ನಲಿಗೆಯ ಸಿದ್ಧರಾಮ ವಚನ ನುಡಿದದ್ದೂ ಇದೇ ನೆಲದಲ್ಲಿ. ಆಳುವ ಮನೆತನ ಯಾವುದೇ ಇರಲಿ, ಊರಿನ ಹಕ್ಕುಬಾಧ್ಯತೆಗಳು ಊರಿನ ಮಾತಿನಲ್ಲಿಯೇ ಬರೆಯಲ್ಪಡುತ್ತಿದ್ದವು ಎಂಬುದಕ್ಕೆ ಈ ಶಾಸನಗಳೇ ಸಾಕ್ಷಿ.

ಬಹಮನಿ ಮತ್ತು ಆದಿಲಶಾಹಿಗಳ ಕಾಲದಲ್ಲಿ ದರಬಾರಿನ ಭಾಷೆ ಫಾರಸಿಯಾಯಿತು. ಬಿಜಾಪುರದ ಕಂದಾಯ ದಫ್ತರಗಳಲ್ಲಿ ಮರಾಠಿ ಬಲವಾಗಿ ನೆಲೆಯೂರಿತು. ಫಾರಸಿಯ ಜೊತೆಗೆ ಮರಾಠಿಯಲ್ಲಿಯೂ ಫರ್ಮಾನುಗಳು ಹೊರಟವು. ದೇಶಮುಖ, ದೇಶಪಾಂಡೆ, ಕುಲಕರ್ಣಿಗಳ ಕೈಯಲ್ಲಿ ಲೆಕ್ಕವು ಮೋಡಿ ಲಿಪಿಗೆ ತಿರುಗಿತು. ಮುಂದೆ ಮರಾಠಾ ಮನೆತನಗಳು ಇಲ್ಲಿ ಸಂಸ್ಥಾನಗಳನ್ನು ಕಟ್ಟಿಕೊಂಡಾಗ ಅವರಿಗೆ ಬೇಕಾದ ಬರಹದ ವ್ಯವಸ್ಥೆ ಸಿದ್ಧವಾಗಿಯೇ ಇತ್ತು. ಕನ್ನಡ ಆಡಳಿತದಿಂದ ಸರಿದದ್ದನ್ನು ಯಾವುದೋ ಒಬ್ಬ ಅರಸನ ದ್ವೇಷಕ್ಕೆ ಕಟ್ಟುವುದು ಆದುದರಿಂದ ಇತಿಹಾಸಕ್ಕೆ ಒಪ್ಪುವ ಮಾತಲ್ಲ. ಅದು ಲೆಕ್ಕ ಬರೆಯುವವರ ಕೈ ಬದಲಾದಂತೆ ನಿಧಾನವಾಗಿ ಆದ ಪಲ್ಲಟ.

ಅಕ್ಕಲಕೋಟೆಯ ಹುಟ್ಟು ಕುತೂಹಲಕರವಾದುದು. 1707ರಲ್ಲಿ ಮೊಗಲರ ಸೆರೆಯಿಂದ ಬಿಡುಗಡೆಯಾಗಿ ಬರುತ್ತಿದ್ದ ಶಾಹುವಿಗೆ ದಾರಿಯಲ್ಲಿ ಪ್ರತಿರೋಧ ಎದುರಾಯಿತು. ಆ ಕದನದಲ್ಲಿ ಊರಿನ ಪಾಟೀಲ ಮಡಿದನು. ಅವನ ವಿಧವೆ ತನ್ನ ಎಳೆಯ ಮಗ ರಾಣೋಜಿ ಲೋಖಂಡೆಯನ್ನು ತಂದು ಶಾಹುವಿನ ಮಡಿಲಿಗೆ ಒಪ್ಪಿಸಿದಳು. ಶಾಹು ಅವನಿಗೆ ಫತೇಸಿಂಹ ಎಂದು ಹೆಸರಿಟ್ಟು, ಭೋಸಲೆ ಮನೆತನಕ್ಕೆ ಸೇರಿಸಿಕೊಂಡು, ಮುಂದೆ ಅಕ್ಕಲಕೋಟೆಯ ಜಹಗೀರನ್ನು ಕೊಟ್ಟನು. 1760ರಲ್ಲಿ ಫತೇಸಿಂಹ ತೀರಿಕೊಂಡ ಮೇಲೂ ಜಹಗೀರು ಅವನ ವಾರಸುದಾರರಲ್ಲಿ ಉಳಿಯಿತು. ಜತ್ತ ಸಂಸ್ಥಾನದ ಮೂಲ ಇನ್ನೂ ಹಿಂದಿನದು. ಡಫಳಾಪುರದ ಪಾಟೀಲಕಿಯಿಂದ ಡಫಳೆ ಎಂದು ಹೆಸರಾದ ಮನೆತನ ಆದಿಲಶಾಹಿಯ ಕೊನೆಗಾಲದಲ್ಲಿ ದೇಶಮುಖಿ ಹಕ್ಕು ಪಡೆದು, ಬಿಜಾಪುರ ಬಿದ್ದ ಮೇಲೆ ಮೊಗಲರನ್ನೂ ಬಳಿಕ ಮರಾಠರನ್ನೂ ಅನುಸರಿಸಿ ಉಳಿದುಕೊಂಡಿತು.

ಈ ಸಂಸ್ಥಾನಗಳ ಸ್ವಾತಂತ್ರ್ಯ ಎಷ್ಟರಮಟ್ಟಿನದು ಎಂಬುದನ್ನು ಒಪ್ಪಂದಗಳೇ ಹೇಳುತ್ತವೆ. ಪೇಶ್ವೆಯ ಪತನದ ನಂತರ 1820ರಲ್ಲಿ ಬ್ರಿಟಿಷರು ಅಕ್ಕಲಕೋಟೆ, ಜತ್ತ, ಔಂಧ, ಫಲಟಣ, ಭೋರ್ ಮೊದಲಾದ ಜಹಗೀರುದಾರರೊಡನೆ ಕರಾರು ಮಾಡಿಕೊಂಡು, ಅವರನ್ನು ಸಾತಾರೆಯ ಅಧೀನದಲ್ಲಿರಿಸಿದರು. 1848ರಲ್ಲಿ ಸಾತಾರೆಯೇ ಬ್ರಿಟಿಷರ ವಶವಾದಾಗ ಇವು ನೇರವಾಗಿ ಬ್ರಿಟಿಷರ ಮಾಂಡಲಿಕ ಸಂಸ್ಥಾನಗಳಾದವು. ಅಕ್ಕಲಕೋಟೆ ಒದಗಿಸಬೇಕಾಗಿದ್ದ ಕುದುರೆ ದಂಡಿನ ಬದಲಿಗೆ ವರ್ಷಕ್ಕೆ 14,592 ರೂಪಾಯಿ ಕಪ್ಪ ನಿಗದಿಯಾಯಿತು. 1901ರ ಗಣತಿಯಂತೆ ಅದರ ವಿಸ್ತೀರ್ಣ 498 ಚದರ ಮೈಲಿ, ಜನಸಂಖ್ಯೆ 82,047. ಜತ್ತ ಮತ್ತು ಡಫಳಾಪುರಗಳ ವಿಸ್ತೀರ್ಣ ಇದರ ಸುಮಾರು ಎರಡರಷ್ಟಿದ್ದರೂ ಜನಸಂಖ್ಯೆ 68,665 ಮಾತ್ರ. ಹಿಂದಿನ ಹತ್ತು ವರ್ಷಗಳಲ್ಲಿ ಅದು ನೂರಕ್ಕೆ ಹದಿನಾಲ್ಕರಷ್ಟು ಕುಸಿದಿತ್ತು. ಈ ಕುಸಿತದ ಹಿಂದೆ ಬರಗಾಲವಿತ್ತು. ಕಂದಾಯ, ನ್ಯಾಯ, ಪೊಲೀಸು ಸಂಸ್ಥಾನಿಕರ ಕೈಯಲ್ಲಿದ್ದವು. ಆದರೆ ಅಕ್ಕಲಕೋಟೆಯ ಮೇಲೆ ಸೊಲ್ಲಾಪುರದ ಕಲೆಕ್ಟರನ, ಜತ್ತದ ಮೇಲೆ ಬಿಜಾಪುರದ ಕಲೆಕ್ಟರನ ಕಣ್ಣಿತ್ತು. ವಾರಸುದಾರ ಅಪ್ರಾಪ್ತ ವಯಸ್ಕನಾದರೆ ಆಡಳಿತವೇ ಬ್ರಿಟಿಷರ ಕೈಗೆ ಹೋಗುತ್ತಿತ್ತು.

ಮೂಡಣ ದಿಕ್ಕಿನ ಹೈದರಾಬಾದು ಇದಕ್ಕಿಂತ ಬಹಳ ದೊಡ್ಡ ಅಧಿಕಾರವುಳ್ಳದ್ದು. ಸ್ವಂತ ನಾಣ್ಯ, ಅಂಚೆ, ರೈಲು, ಸೈನ್ಯ ಅದಕ್ಕಿದ್ದವು. ಅದರ ಬಹುಸಂಖ್ಯಾತ ಪ್ರಜೆಗಳು ತೆಲುಗು, ಮರಾಠಿ, ಕನ್ನಡಗಳನ್ನು ಆಡುವವರು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾದಾಗ ಬೋಧನೆಯ ಮಾಧ್ಯಮ ಇಂಗ್ಲಿಷ್ ಅಲ್ಲ, ಉರ್ದು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಡುವ ಧೈರ್ಯವನ್ನು ಬ್ರಿಟಿಷ್ ಪ್ರಾಂತಗಳು ತೋರದಿದ್ದಾಗ ಹೈದರಾಬಾದು ತೋರಿತು. ಅದು ಸಾಮಾನ್ಯ ಸಾಧನೆಯಲ್ಲ. ಆದರೆ ಆಳಂದದ, ಅಫಜಲಪುರದ, ಜೇವರ್ಗಿಯ ವಿದ್ಯಾರ್ಥಿಗೆ ಅದೂ ಕಲಿತು ದಾಟಬೇಕಾದ ಮತ್ತೊಂದು ಹೊಳೆಯೇ ಆಗಿತ್ತು. ಸರಕಾರ ಕೊಡದಿದ್ದ ಕನ್ನಡದ ಸಾರ್ವಜನಿಕ ಜೀವನವನ್ನು ಸಂಘಸಂಸ್ಥೆಗಳು ಕಟ್ಟಿಕೊಂಡವು. ಕಲಬುರಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯ ಹುಟ್ಟಿತು. 1928ರ ಕನ್ನಡ ಸಾಹಿತ್ಯ ಸಮ್ಮೇಳನ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಅದೇ ನಗರದಲ್ಲಿ ನೆರೆಯಿತು. ಮರಾಠಾ ಸಂಸ್ಥಾನಗಳ ಸೀಮೆಯಲ್ಲಿ 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಕನ್ನಡ, ಮರಾಠಿ ಎರಡೂ ನುಡಿಯ ಜೈನರನ್ನು ಸಂಸ್ಥಾನಗಳ ಗಡಿ ಮೀರಿ ಒಂದುಗೂಡಿಸಿತು.

ಸ್ವಯಮಾಡಳಿತದ ಅರ್ಥವನ್ನೇ ಬದಲಿಸಲು ಯತ್ನಿಸಿದ ಸಂಸ್ಥಾನವೆಂದರೆ ಔಂಧ. ಬಿಡಿಬಿಡಿಯಾಗಿ ಹರಡಿದ್ದ ಎಪ್ಪತ್ತೆರಡು ಹಳ್ಳಿಗಳ ಈ ಪುಟ್ಟ ರಾಜ್ಯದ ನಾಲ್ಕು ತಾಲ್ಲೂಕುಗಳಲ್ಲಿ ಒಂದಾದ ಗುಣದಾಳ ಬಿಜಾಪುರ ಜಿಲ್ಲೆಯ ನಡುವಿನ ಕನ್ನಡ ನೆಲ. ಅರಸ ಭವಾನರಾವ್ ಪಂತ ಪ್ರತಿನಿಧಿ 1938ರಲ್ಲಿ ತನ್ನ ಅಧಿಕಾರವನ್ನು ಪ್ರಜೆಗಳಿಗೆ ಒಪ್ಪಿಸುವುದಾಗಿ ಸಾರಿದನು. ಅವನ ಮಗ ಅಪ್ಪಾಸಾಹೇಬ ಪಂತ ಮತ್ತು ಪೋಲೆಂಡಿನಿಂದ ಬಂದ ಮಾರಿಸ್ ಫ್ರಿಡ್‌ಮನ್ ಗಾಂಧೀಜಿಯವರ ಸಲಹೆ ಪಡೆದರು. 1939ರ ಜನವರಿಯಲ್ಲಿ ಔಂಧದ ಸ್ವರಾಜ್ಯ ಸಂವಿಧಾನ ಜಾರಿಗೆ ಬಂದಿತು. ಹಳ್ಳಿಯ ಜನ ಪಂಚಾಯತಿಯನ್ನು ಆರಿಸುವುದು, ಪಂಚಾಯತಿಗಳಿಂದ ತಾಲ್ಲೂಕು ಸಮಿತಿ, ಅಲ್ಲಿಂದ ಶಾಸನಸಭೆ. ಅಧಿಕಾರ ಕೆಳಗಿನಿಂದ ಮೇಲಕ್ಕೆ ಹೋಗುವ ಕಟ್ಟಡ ಅದು. ವ್ಯಾಜ್ಯಗಳನ್ನೂ ಹಳ್ಳಿಯಲ್ಲಿಯೇ ತೀರಿಸುವ ಏರ್ಪಾಡಾಯಿತು. ಮತದಾರ ಅಕ್ಷರಸ್ಥನಾಗಬೇಕೆಂಬುದು ಗಾಂಧೀಜಿಯವರ ಒತ್ತಾಯವಾಗಿತ್ತು. ಅಕ್ಷರ ಮತ್ತು ಅಧಿಕಾರಗಳನ್ನು ಹೀಗೆ ಬೆಸೆದ ಕ್ಷಣದಲ್ಲಿಯೇ ಭಾಷೆಯ ಪ್ರಶ್ನೆ ತಪ್ಪಿಸಿಕೊಳ್ಳಲಾಗದ್ದಾಗುತ್ತದೆ. ಪಂಚಾಯತಿಯ ನಡಾವಳಿ ಹಳ್ಳಿಯವನಿಗೆ ಓದಲು ಬಾರದಿದ್ದರೆ ಅಧಿಕಾರ ಮರಳಿ ಓದಬಲ್ಲ ಒಬ್ಬಿಬ್ಬರ ಕೈಗೇ ಸೇರುತ್ತದೆ. ಅರಸನು ಬಿಟ್ಟುಕೊಟ್ಟದ್ದನ್ನು ಬರವಣಿಗೆಯವನು ಎತ್ತಿಕೊಳ್ಳುತ್ತಾನೆ.

ಇದೇ ಬಗೆಯ ತೊಡಕನ್ನು ಚೀನೀ ಭಾಷಿಕರ ಸ್ವಯಮಾಡಳಿತ ಪ್ರದೇಶಗಳ ಇತಿಹಾಸದಲ್ಲಿಯೂ ಕಾಣಬಹುದು. 1842ರ ನಾನ್‌ಜಿಂಗ್ ಒಪ್ಪಂದದಿಂದ ಹಾಂಗ್‌ಕಾಂಗ್ ಬ್ರಿಟಿಷರದಾಯಿತು. ಅಲ್ಲಿನ ಬಹುಪಾಲು ಜನರ ಮಾತು ಕ್ಯಾಂಟೊನೀಸ್. ಆದರೂ ಚೀನೀ ಭಾಷೆಗೆ ಅಧಿಕೃತ ಸ್ಥಾನ ಸಿಕ್ಕಿದ್ದು 1974ರಲ್ಲಿ, ಸಾರ್ವಜನಿಕ ಹೋರಾಟದ ನಂತರ. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ನೆಲೆಯೂರಿದ ಮಕಾವ್‌ನಲ್ಲಿ ಅದಕ್ಕಾಗಿ 1990ರ ದಶಕದ ಆರಂಭದವರೆಗೆ ಕಾಯಬೇಕಾಯಿತು. ತೈವಾನಿನ ಪಾಠ ಇನ್ನೂ ಸೂಕ್ಷ್ಮವಾದುದು. 1895ರಿಂದ 1945ರವರೆಗೆ ಜಪಾನೀಯರ ಆಳ್ವಿಕೆಯಲ್ಲಿದ್ದ ಆ ದ್ವೀಪಕ್ಕೆ ಬಳಿಕ ಬಂದದ್ದು ಚೀನೀ ಸರಕಾರವೇ. ಆದರೆ ಅದು ಶಾಲೆಗಳಲ್ಲಿ ಹೇರಿದ್ದು ಮ್ಯಾಂಡರಿನ್ ಭಾಷೆಯನ್ನು. ಜನರ ಮನೆಮಾತು ಹೆಚ್ಚಾಗಿ ಮಿನ್ನಾನ್ ಮತ್ತು ಹಕ್ಕಾ. 1987ರಲ್ಲಿ ಸೈನಿಕ ಕಾನೂನು ಕೊನೆಗೊಂಡು, 1996ರಲ್ಲಿ ಅಧ್ಯಕ್ಷರ ನೇರ ಚುನಾವಣೆ ನಡೆಯುವ ಹೊತ್ತಿಗೆ ಮನೆಮಾತುಗಳೂ ಸಾರ್ವಜನಿಕ ವೇದಿಕೆಗೆ ಮರಳಿದ್ದವು. ಹೊರಗಿನ ಅರಸು ಹೋಗಿ ಒಳಗಿನ ಅರಸು ಬಂದರೂ ಜನಭಾಷೆಯ ಪ್ರಶ್ನೆ ತಾನಾಗಿಯೇ ತೀರುವುದಿಲ್ಲ.

ಅಕ್ಕಲಕೋಟೆ ಮತ್ತು ಜತ್ತಗಳಲ್ಲಿ ಆದದ್ದೂ ಅದೇ. 1948ರ ಮಾರ್ಚ್ 8ರಂದು ದಖ್ಖನಿನ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಅಕ್ಕಲಕೋಟೆ ಸೊಲ್ಲಾಪುರ ಜಿಲ್ಲೆಗೆ ಸೇರಿತು. ಜತ್ತ ಇಂದಿನ ಸಾಂಗಲಿ ಜಿಲ್ಲೆಯ ಭಾಗವಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ಕಲಬುರಗಿ ಮೈಸೂರು ರಾಜ್ಯವನ್ನು ಕೂಡಿತು. ಬಿಜಾಪುರದ ಜೊತೆಗೆ ಗುಣದಾಳವೂ ಬಂದಿತು. ಅಕ್ಕಲಕೋಟೆ, ಜತ್ತಗಳು ಆಚೆಗೇ ಉಳಿದವು. ಹಿಂದಿನ ಅರಸೊತ್ತಿಗೆಯ ಗಡಿಗಳು ಹೀಗೆ ಪ್ರಜಾಪ್ರಭುತ್ವದ ಗಡಿಗಳ ಮೇಲೆ ತಮ್ಮ ನೆರಳು ಚೆಲ್ಲಿದವು. 1967ರ ಮಹಾಜನ ಆಯೋಗ ಮಹಾರಾಷ್ಟ್ರದಿಂದ 247 ಹಳ್ಳಿಗಳು ಮೈಸೂರಿಗೆ, ಮೈಸೂರಿನಿಂದ 264 ಹಳ್ಳಿಗಳು ಮಹಾರಾಷ್ಟ್ರಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು. ಮೈಸೂರಿಗೆ ಬರಬೇಕೆಂದ ಪ್ರದೇಶದಲ್ಲಿ ಅಕ್ಕಲಕೋಟೆಯೂ ಜತ್ತದ ಹಳ್ಳಿಗಳೂ ಇದ್ದವು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. ಗಡಿ ಇದ್ದಲ್ಲಿಯೇ ಉಳಿಯಿತು.

ಆದರೆ ಗಡಿಗೆರೆಯೊಂದೇ ಈ ಪ್ರಶ್ನೆಯ ಉತ್ತರವಲ್ಲ. ರಾಜ್ಯಗಳ ಪುನರ್ವಿಂಗಡಣೆಯ ಹೊತ್ತಿನಲ್ಲಿಯೇ ಸಂವಿಧಾನಕ್ಕೆ 350-ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂದು ಅದು ಹೇಳುತ್ತದೆ. ಅದಕ್ಕೂ ಮೊದಲಿನ 350ನೆಯ ವಿಧಿ, ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಟ್ಟಿದೆ. ಮೂರು ಸರಕಾರಗಳ ನಡುವೆ ಅರ್ಜಿ ಬರೆಯುವವನನ್ನು ಹುಡುಕಿ ಅಲೆಯುತ್ತಿದ್ದ ಒಕ್ಕಲಿಗನಿಗೆ ಯಾವ ಸಂಸ್ಥಾನವೂ ಹೀಗೆ ಲಿಖಿತವಾಗಿ ಕೊಟ್ಟಿರದಿದ್ದ ಹಕ್ಕು ಇದು. ಅಕ್ಕಲಕೋಟೆ ಮತ್ತು ಜತ್ತಗಳ ಕನ್ನಡ ಶಾಲೆಗಳು ಉಳಿಯುವುದು, ಗಡಿಯ ಈಚೆ ಮರಾಠಿ ಶಾಲೆಗಳು ಉಳಿಯುವುದು ಒಂದೇ ತತ್ತ್ವದ ಎರಡು ಮುಖಗಳು.

ಸಂಶೋಧನೆಗೂ ಇಲ್ಲಿ ಕೆಲಸ ಬಹಳವಿದೆ. ಗಡಿನಾಡಿನ ಇತಿಹಾಸ ಅರಸರ ವಂಶಾವಳಿಯಲ್ಲಿ ಮುಗಿಯುವುದಿಲ್ಲ. ಒಂದು ಹಳ್ಳಿಯ ಭೂಮಿಯ ಕಥೆಯನ್ನು ಬರೆಯಬೇಕಾದರೆ ಹಳಗನ್ನಡದ ಶಾಸನವನ್ನೂ ಮೋಡಿಯ ದಫ್ತರವನ್ನೂ ಉರ್ದುವಿನ ಕಂದಾಯ ದಾಖಲೆಯನ್ನೂ ಓದಬಲ್ಲವರು ಬೇಕು. ಮೋಡಿ ಬಲ್ಲ ಕನ್ನಡ ಸಂಶೋಧಕರು ವಿರಳರಾಗುತ್ತಿದ್ದಾರೆ. ಆ ಲಿಪಿಯಲ್ಲಿ ಬರೆದಿಟ್ಟ ಅರ್ಜಿಗಳ ಹಿಂದೆ ಮಾತನಾಡಿದವರಲ್ಲಿ ಅನೇಕರು ಕನ್ನಡಿಗರು. ಅವರ ಮಾತನ್ನು ಮರಳಿ ಕೇಳಬೇಕಾದರೆ ಮೊದಲು ಆ ಲಿಪಿಯನ್ನು ಕಲಿಯಬೇಕು.