ಕಜ್ಜಿಯ ನುಸಿ ಮತ್ತು ಸೂಜಿಯ ಮೊನೆ

ಮನೆಯ ಬೆಕ್ಕು ಬಿಡುವಿಲ್ಲದೆ ಕಿವಿ ಕೆರೆದುಕೊಳ್ಳುವುದನ್ನು ನೀವು ನೋಡಿರಬಹುದು. ಕಿವಿಯಂಚಿನ ಕೂದಲು ಉದುರುತ್ತದೆ, ಚರ್ಮ ದಪ್ಪವಾಗಿ ಹಕ್ಕಳೆ ಕಟ್ಟುತ್ತದೆ, ಕ್ರಮೇಣ ಮುಖಕ್ಕೂ ಕತ್ತಿಗೂ ಹರಡುತ್ತದೆ. 'ಉಷ್ಣವಾಗಿದೆ', 'ರಕ್ತ ಕೆಟ್ಟಿದೆ' ಎಂದು ಹಿರಿಯರು ಹೇಳುವುದುಂಟು. ನಗಬೇಡಿ. ಮನುಷ್ಯರ ಕಜ್ಜಿಯ ಬಗ್ಗೆ ಯೂರೋಪಿನ ವೈದ್ಯರೂ ಶತಮಾನಗಳ ಕಾಲ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದ್ದರು. ದೇಹದ ರಸಗಳು ಕೆಟ್ಟು ಚರ್ಮದಲ್ಲಿ ಹೊರಬೀಳುತ್ತವೆ ಎಂಬುದು ಅವರ ನಂಬಿಕೆ.

ಈ ನಂಬಿಕೆಗೆ ಮೊದಲ ಪೆಟ್ಟು ಬಿದ್ದದ್ದು 1687ರಲ್ಲಿ, ಇಟಲಿಯ ಲಿವೋರ್ನೊ ಬಂದರಿನಲ್ಲಿ. ಬಡ ಹೆಂಗಸರು ಕಜ್ಜಿಯಾದ ಮಕ್ಕಳ ಚರ್ಮದಿಂದ ಸೂಜಿಮೊನೆಯಲ್ಲಿ ಏನನ್ನೋ ಹೆಕ್ಕಿ ತೆಗೆಯುತ್ತಿದ್ದರು. ವೈದ್ಯ ಜೊವಾನಿ ಕೊಸಿಮೊ ಬೊನೊಮೊ ಮತ್ತು ಔಷಧ ವ್ಯಾಪಾರಿ ದಿಯಾಚಿಂತೊ ಚೆಸ್ತೋನಿ ಆ ಬಿಳಿಯ ಚುಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. ಅದೊಂದು ಆಮೆಯಾಕಾರದ ಜೀವಿ! ಅದು ಮೊಟ್ಟೆಯಿಡುವುದನ್ನೂ ಕಂಡರು. ಬೊನೊಮೊ ಇದನ್ನೆಲ್ಲ ಫ್ರಾಂಚೆಸ್ಕೊ ರೆಡಿ ಎಂಬ ವಿಜ್ಞಾನಿಗೆ ಪತ್ರದಲ್ಲಿ ಬರೆದ.

ಇಲ್ಲಿ ಸ್ವಲ್ಪ ಭೌತವಿಜ್ಞಾನ. 25 ಸೆಂ.ಮೀ. ದೂರದಲ್ಲಿ ನಮ್ಮ ಕಣ್ಣು ಬೇರ್ಪಡಿಸಿ ನೋಡಬಲ್ಲ ಕನಿಷ್ಠ ಅಂತರ ಸುಮಾರು 0.1 ಮಿ.ಮೀ. ಕಜ್ಜಿಯ ಹೆಣ್ಣು ನುಸಿಯ ಉದ್ದ 0.3ರಿಂದ 0.4 ಮಿ.ಮೀ. ಆದ್ದರಿಂದ ಬರಿಗಣ್ಣಿಗೆ ಅದು ಚುಕ್ಕೆಯಾಗಿ ಕಾಣುತ್ತದೆ, ಕಾಲುಗಳು ಕಾಣುವುದಿಲ್ಲ. ಸಂಗಮದೂರ 2.5 ಸೆಂ.ಮೀ. ಇರುವ ಸರಳ ಮಸೂರ ಸುಮಾರು ಹತ್ತುಪಟ್ಟು ಹಿಗ್ಗಿಸಿದರೆ ಸಾಕು, ಚುಕ್ಕೆ ಪ್ರಾಣಿಯಾಗುತ್ತದೆ.

ಇಷ್ಟು ಸುಲಭವಾಗಿದ್ದರೂ ವೈದ್ಯಲೋಕ ಒಪ್ಪಲಿಲ್ಲ. ನುಸಿ ಇದ್ದರೂ ಅದು ರೋಗದ ಫಲವೇ ಹೊರತು ಕಾರಣವಲ್ಲ ಎಂಬ ವಾದವಿತ್ತು. ಜೊತೆಗೆ, ಹುಡುಕಿದವರಿಗೆ ನುಸಿ ಸಿಗುತ್ತಲೂ ಇರಲಿಲ್ಲ. 1812ರಲ್ಲಿ ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯ ಗ್ಯಾಲೆ ಎಂಬಾತ ನುಸಿಯನ್ನು ಕಂಡೆನೆಂದು ಚಿತ್ರಸಹಿತ ಸಾರಿದ. ಅವನು ತೋರಿಸಿದ್ದು ಗಿಣ್ಣಿನ ನುಸಿ ಎಂದು ಮುಂದೆ ರಾಸ್ಪಾಯ್ ತೋರಿಸಿಕೊಟ್ಟ. ಇದರಿಂದ ನಿಜವಾದ ನುಸಿಯ ಮೇಲೂ ಅನುಮಾನ ಬಲಿಯಿತು.

1834ರಲ್ಲಿ ಅದೇ ಆಸ್ಪತ್ರೆಯಲ್ಲಿ ಕಾರ್ಸಿಕಾ ದ್ವೀಪದ ವಿದ್ಯಾರ್ಥಿ ರೆನುಚಿ ಎಲ್ಲರೆದುರು ಸೂಜಿ ಹಿಡಿದ. ವೈದ್ಯರು ಕೀವುಗುಳ್ಳೆಗಳಲ್ಲಿ ಹುಡುಕುತ್ತಿದ್ದರು. ನುಸಿ ಇರುವುದು ಅಲ್ಲಲ್ಲ, ಚರ್ಮದಲ್ಲಿ ಅದು ಕೊರೆದ ಸಣ್ಣ ಸುರಂಗದ ತುದಿಯಲ್ಲಿ. ಊರಿನ ಹೆಂಗಸರಿಂದ ಕಲಿತ ಈ ಗುಟ್ಟನ್ನು ಅವನು ಮಾಡಿ ತೋರಿಸಿದ. ಯಾರು ಬೇಕಾದರೂ ಮತ್ತೆ ಮಾಡಿ ನೋಡುವಂತಾದ ಮೇಲೆ ವಾದಕ್ಕೆ ಬಲ ಉಳಿಯಲಿಲ್ಲ. ಮೊದಲ ಪತ್ರದಿಂದ ಇಲ್ಲಿಗೆ 147 ವರ್ಷ!

ಬೆಕ್ಕಿನ ಸರದಿ ಬೇಗ ಬಂತು. 1838ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿನ ಪಶುವೈದ್ಯ ಎಡ್ವರ್ಡ್ ಹೆರಿಂಗ್ ಬೆಕ್ಕಿನ ಕಜ್ಜಿಯ ನುಸಿಯನ್ನು ವಿವರಿಸಿದ. ಕುದುರೆಯ ದೇಹದಲ್ಲಿ ರಕ್ತ ಒಂದು ಸುತ್ತು ಬರಲು ಹಿಡಿಯುವ ಕಾಲವನ್ನು ಅಳೆದವನೂ ಇವನೇ. ಆ ನುಸಿಯನ್ನು ಇಂದು ನೋಟೊಎಡ್ರೆಸ್ ಕ್ಯಾಟಿ ಎನ್ನುತ್ತಾರೆ. ಇದು ಮನುಷ್ಯರ ನುಸಿಗಿಂತ ಚಿಕ್ಕದು. ಬೆಕ್ಕನ್ನು ಎತ್ತಿಕೊಂಡವರಿಗೂ ಕೆಲದಿನ ತುರಿಕೆ ತರಬಲ್ಲದು.

ಕಾರಣ ತಿಳಿದ ಮೇಲೆ ಮದ್ದಿಗೂ ಗುರಿ ಸಿಕ್ಕಿತು. ಗಂಧಕದ ಮುಲಾಮು ಹಿಂದಿನಿಂದಲೂ ಇತ್ತು. 1981ರಲ್ಲಿ ಪಶುಗಳಿಗಾಗಿ ಮಾರುಕಟ್ಟೆಗೆ ಬಂದ ಐವರ್‌ಮೆಕ್ಟಿನ್, ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯೊಂದರ ಕೊಡುಗೆ. ಸತೋಷಿ ಓಮುರ ಮತ್ತು ವಿಲಿಯಂ ಕ್ಯಾಂಬೆಲ್ ಅವರಿಗೆ ಇದಕ್ಕಾಗಿ 2015ರ ನೊಬೆಲ್ ಪಾರಿತೋಷಕ ಸಂದಿತು.

ಆದರೆ ಎಲ್ಲ ತುರಿಕೆಯೂ ನುಸಿಯದಲ್ಲ. ಚಿಗಟದ ಎಂಜಲಿನ ಅಲರ್ಜಿ, ಶಿಲೀಂಧ್ರ, ಆಹಾರದ ಅಲರ್ಜಿ, ಇವೂ ಕಾರಣವಾಗಬಹುದು. ಅದಕ್ಕೇ ಪಶುವೈದ್ಯರು ಹಕ್ಕಳೆಯನ್ನು ಕೆರೆದು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಊಹೆಯಿಂದ ಮದ್ದು ಹಚ್ಚುವುದು ಅಪಾಯ. ನಾಯಿಗೆ ಹಾಕುವ ಪರ್ಮೆಥ್ರಿನ್ ಔಷಧವನ್ನು ಬೆಕ್ಕಿಗೆ ಹಾಕಿದರೆ ನಡುಕ, ಸೆಳವು ಬಂದು ಅದು ಸಾಯಲೂಬಹುದು. ಆ ವಿಷವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ.

ಪ್ಯಾರಿಸ್ಸಿನ ವೈದ್ಯರ ಬಳಿ ಬೊನೊಮೊ ಬಳಿಯಿದ್ದುದಕ್ಕಿಂತ ಉತ್ತಮ ಸೂಕ್ಷ್ಮದರ್ಶಕಗಳಿದ್ದವು. ಇಲ್ಲದಿದ್ದುದು ಎಲ್ಲಿ ನೋಡಬೇಕೆಂಬ ಅರಿವು. ಅದು ಸೂಜಿ ಹಿಡಿದ ಹೆಂಗಸರ ಬಳಿ ಇತ್ತು. ಪ್ರಯೋಗಶಾಲೆಯಲ್ಲಿ ಉಪಕರಣ ಸಾಲದೆಂದು ಕೊರಗುವ ನಾವು, ಶಿಕ್ಷಕರು ಮತ್ತು ವಿದ್ಯಾರ್ಥಿಗಳು, ಇದನ್ನು ನೆನಪಿಡುವುದು ಒಳ್ಳೆಯದು.